ಬೆಸಿಲಿಕಾ ಬೀದಿಯ ಜಪಸರ: ಹೊಳಪು ಆಮೇಲೆ, ಮೊದಲು ಮಣಿ ಎಣಿಸಿ

ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಚರ್ಚಿನ ಆಸುಪಾಸಿನ ಅಂಗಡಿಗಳಲ್ಲಿ ಜಪಸರಗಳು, ಅಂದರೆ ಕಥೋಲಿಕರು ಜಪ ಎಣಿಸುವ ರೋಸರಿಗಳು, ಗೊಂಚಲು ಗೊಂಚಲಾಗಿ ತೂಗಾಡುತ್ತಿರುತ್ತವೆ. ನೋಡಬೇಕಾದ ಬಗೆ ಮೂರು: ದಾರದಲ್ಲಿ ಪೋಣಿಸಿದ ಮರದ ಮಣಿಯದು, ಸರಪಳಿಯ ಗಾಜಿನ ಮಣಿಯದು, ಕೈಗೆ ಹಾಕುವ ಎಲಾಸ್ಟಿಕ್‌ನ ಹತ್ತು ಮಣಿಯದು. ದಿನಾ ಜಪ ಮಾಡುವವರಿಗೆ ಮರದ್ದೇ ಸಾಕು. ಬೆವರಿಗೆ ಸರಪಳಿಯ ಹಾಗೆ ಕಿಲುಬು ಹಿಡಿಯುವುದಿಲ್ಲ, ಜೇಬಿನಲ್ಲಿ ಸಿಕ್ಕುಬೀಳುವುದೂ ಕಡಿಮೆ.

ಸರ ಕೈಗೆ ಬಂದ ಕೂಡಲೇ ಎಣಿಸಿ. ಕೈಗೆ ಹಾಕುವುದನ್ನು ಬಿಟ್ಟರೆ ಒಟ್ಟು 59 ಮಣಿ ಇರಬೇಕು. ಶಿಲುಬೆಯಿಂದ ಹೊರಟರೆ ಒಂದು ದೊಡ್ಡದು, ಮೂರು ಚಿಕ್ಕವು, ಮತ್ತೊಂದು ದೊಡ್ಡದು, ಆಮೇಲೆ ಪದಕ. ಪದಕದಿಂದ ಸುತ್ತು ಹಾಕಿ ಬರುವಾಗ ಹತ್ತರ ಐದು ಗುಂಪು, ಅವುಗಳ ನಡುವೆ ನಾಲ್ಕು ದೊಡ್ಡ ಮಣಿ. ಅಲ್ಲಿಗೆ 53 ಚಿಕ್ಕವು, 6 ದೊಡ್ಡವು. ಅಗ್ಗದ ಮಾಲಿನಲ್ಲಿ ಒಂದು ಗುಂಪಿಗೆ ಒಂಬತ್ತೋ ಹನ್ನೊಂದೋ ಬಿದ್ದಿರುವುದುಂಟು. ಹಾಗಾದರೆ ಬೆರಳು ತಡವರಿಸುತ್ತದೆ, ಕಣ್ಣು ತೆರೆಯುತ್ತದೆ, ಧ್ಯಾನ ಅಲ್ಲಿಗೇ ಕೆಟ್ಟಿತು. ಲೆಕ್ಕ ಬೆರಳಿಗಿರಲಿ, ಮನಸ್ಸು ರಹಸ್ಯದ ಮೇಲಿರಲಿ (ಪ್ರತಿ ಹತ್ತು ಮಣಿಗೆ ಧ್ಯಾನಿಸುವ, ಯೇಸು-ಮರಿಯರ ಬದುಕಿನ ಒಂದು ಘಟನೆ) ಅಂತಲೇ ಮಣಿ ಇಟ್ಟಿರುವುದು. ದೊಡ್ಡ ಮಣಿ ಬರೀ ಬಣ್ಣದಲ್ಲಿ ಬೇರೆಯಾಗಿದ್ದರೆ ಸಾಲದು, ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಬೇಕು.

ಸರಪಳಿಯದೇ ಬೇಕೆಂದರೆ ಉಂಗುರಗಳ ಬಾಯಿಗೆ ಉಗುರು ತಾಗಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ನಾಳೆ ಸೀರೆಯ ನೂಲೂ ಸಿಕ್ಕಿಕೊಳ್ಳುತ್ತದೆ, ನಾಡಿದ್ದು ಸರ ಕಳಚುತ್ತದೆ. ಮನೆಯಲ್ಲಿ ಸರಿಮಾಡುವಾಗ ಚೂಪು ಮೂತಿಯ ಇಕ್ಕಳದಿಂದ ಉಂಗುರದ ತುದಿಗಳನ್ನು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ. ಅಗಲಕ್ಕೆ ಎಳೆದರೆ ಮತ್ತೆ ದುಂಡಗಾಗುವುದಿಲ್ಲ. ನೈಲಾನ್ ದಾರದ ತುದಿ ಬಿಚ್ಚಿದರೆ ಬೆಂಕಿಕಡ್ಡಿ ತಾಗಿಸಿ ಕರಗಿಸಿದರೆ ಆಯಿತು. ಗುಲಾಬಿ ಪರಿಮಳದ ಮಣಿಗೆ ದುಡ್ಡು ಸುರಿಯಬೇಡಿ, ಪರಿಮಳ ನಿಲ್ಲುವುದಿಲ್ಲ.

ಜೊತೆಗೆ ಸಿಗುವ ಜಪದ ಕಿರುಪುಸ್ತಕವನ್ನೂ ತಿರುವಿ ನೋಡಿ. ಹಳೆಯ ಅಚ್ಚಿನಲ್ಲಿ ಹದಿನೈದೇ ರಹಸ್ಯ ಇರುತ್ತವೆ. ಬೆಳಕಿನ ಐದು ರಹಸ್ಯಗಳನ್ನು ಎರಡನೆಯ ಜಾನ್ ಪಾಲ್ ಪೋಪರು ಸೇರಿಸಿದ್ದು 2002ರಲ್ಲಿ. ಅವು ಗುರುವಾರ ಧ್ಯಾನಿಸುವಂಥವು, ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಜನ ಮುಗಿಬೀಳುವ ದಿನವೂ ಅದೇ.

ಒಳ್ಳೆಯ ಪುಸ್ತಕದಲ್ಲಿ ಪ್ರತಿ ರಹಸ್ಯದ ಎದುರು ಬೇಡಿಕೊಳ್ಳಬೇಕಾದ ಸದ್ಗುಣವೂ ಇರುತ್ತದೆ. ಸಂತೋಷದ ರಹಸ್ಯಗಳಲ್ಲಿ ದೇವದೂತನ ಸಂದೇಶಕ್ಕೆ ದೀನತೆ, ಎಲಿಜಬೇತಳ ಭೇಟಿಗೆ ನೆರೆಯವರ ಮೇಲಿನ ಪ್ರೀತಿ, ಯೇಸುವಿನ ಜನನಕ್ಕೆ ಬಡತನದ ಮನಸ್ಸು. ಎರಡನೆಯದನ್ನೇ ನೋಡಿ. ಲೂಕನ ಸುವಾರ್ತೆಯ ಪ್ರಕಾರ ಮರಿಯ ಎಲಿಜಬೇತಳನ್ನು ಕಾಣಲು ಬೆಟ್ಟದ ಸೀಮೆಗೆ ಅವಸರದಿಂದ ಹೋದಳು, ಸುಮಾರು ಮೂರು ತಿಂಗಳು ಅಲ್ಲೇ ಇದ್ದಳು. ವಯಸ್ಸಾದ ಬಸುರಿಯ ಮನೆಯಲ್ಲಿ ಮೂರು ತಿಂಗಳೆಂದರೆ ನೀರು, ಹಿಟ್ಟು, ಒಲೆಯ ಕೆಲಸ ಎಲ್ಲ ಇದ್ದಿರಲೇಬೇಕು. ಆದ್ದರಿಂದ ಆ ಹತ್ತು ಮಣಿ ಹಿಡಿಯುವ ಮುಂಚೆ ‘ಪ್ರೀತಿ ಕೊಡು’ ಎಂದು ಸಾರಾಸಗಟಾಗಿ ಬೇಡುವ ಬದಲು ಒಂದೇ ಕೆಲಸ ಗೊತ್ತುಮಾಡಿಕೊಳ್ಳಿ: ಪಕ್ಕದ ಮನೆಯ ಅಜ್ಜಿಗೆ ಶನಿವಾರ ಮಾತ್ರೆ ತಂದುಕೊಡುವುದು, ಇಂಥದ್ದು. ಗುಣದ ಹೆಸರು ಮಾತ್ರ ಅಚ್ಚು ಹಾಕಿ ಇದನ್ನು ಹೇಳದ ಪುಸ್ತಕ ಅರ್ಧ ಕೆಲಸದ್ದು.

ಶಿಲುಬೆಯ ಹತ್ತಿರದ ಮೂರು ಚಿಕ್ಕ ಮಣಿಗಳನ್ನು ಹೆಚ್ಚಿನವರು ಓಡಿಸಿಬಿಡುತ್ತಾರೆ. ಅವು ವಿಶ್ವಾಸ, ಭರವಸೆ, ಪ್ರೀತಿಗೆ ಮೀಸಲು. ಮಿಕ್ಕ ಐವತ್ತೂ ಅವುಗಳ ಮೇಲೇ ನಿಂತಿವೆ, ಒಂದೊಂದಕ್ಕೂ ಒಂದು ಉಸಿರಿನಷ್ಟು ಬಿಡುವು ಕೊಟ್ಟು ಹೇಳಿ.

‘ಮಂತ್ರಿಸಿಟ್ಟ ಸರ, ಸ್ವಲ್ಪ ಜಾಸ್ತಿ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಮುಂದೆ ನಡೆಯಿರಿ. ಆಶೀರ್ವಾದಕ್ಕೆ ಬೆಲೆ ಕಟ್ಟುವುದನ್ನು ಧರ್ಮಸಭೆ (ಕಥೋಲಿಕ ಚರ್ಚ್) ಒಪ್ಪುವುದಿಲ್ಲ. ಸರ ಕೊಂಡು, ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಸ್ವಾಮಿಗಳ (ಪಾದ್ರಿಗಳ) ಕೈಯಲ್ಲಿ ಕೊಟ್ಟರೆ ಶಿಲುಬೆ ಗುರುತು ಹಾಕಿ ಆಶೀರ್ವದಿಸುತ್ತಾರೆ.

ಬೆಸಿಲಿಕಾದ ಹಬ್ಬಕ್ಕೆ ಆಗಸ್ಟ್ 29ರ ಬಾವುಟ ಏರಿದಾಗಿನಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಮಾತ್ರ ಕೊಳ್ಳಲು ಹೋಗಬೇಡಿ. ಆ ನೂಕುನುಗ್ಗಲಿನಲ್ಲಿ 59 ಎಣಿಸಲು ಯಾರೂ ಬಿಡುವುದಿಲ್ಲ.