ಎಕ್ಸ್‌-ಪ್ಲೇನ್ 12: ಇನ್‌ಸ್ಟ್ರುಮೆಂಟ್ ರೇಟಿಂಗ್ ಬಂದ ಮೇಲೆ ಕೈ ತಪ್ಪದಿರಲು

ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರಲು ಸಿಗುವ ಅನುಮತಿ) ಪರೀಕ್ಷೆಯ ದಿನ ಇದ್ದ ಹದ ಎರಡು ಮೂರು ತಿಂಗಳು ಮುಟ್ಟದಿದ್ದರೆ ಸವೆದುಹೋಗುತ್ತದೆ. ಕಣ್ಣು ವಿಮಾನದ ವಾಲು ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೇಲೆಯೇ ನಿಂತುಬಿಡುತ್ತದೆ. ಎತ್ತರ ತೋರಿಸುವ ಆಲ್ಟಿಮೀಟರ್ ನೂರು ಅಡಿ ಜಾರಿದ್ದು ತಡವಾಗಿ ಗೊತ್ತಾಗುತ್ತದೆ. ಹೋಲ್ಡಿಂಗ್‌ಗೆ (ಸರದಿ ಬರುವವರೆಗೆ ಒಂದೇ ಕಡೆ ಸುತ್ತುವುದು) ಯಾವ ಕಡೆಯಿಂದ ಸೇರಬೇಕು ಎಂದು ಲೆಕ್ಕ ಹಾಕುವಷ್ಟರಲ್ಲಿ ಫಿಕ್ಸ್ (ಚಾರ್ಟಿನಲ್ಲಿ ಗೊತ್ತುಮಾಡಿದ ಬಿಂದು) ದಾಟಿರುತ್ತದೆ. ಅಮೆರಿಕದಲ್ಲಿ 6 ತಿಂಗಳೊಳಗೆ 6 ಅಪ್ರೋಚ್ (ರನ್‌ವೇಗೆ ಇಳಿದು ಬರುವ ಕ್ರಮ), ಹೋಲ್ಡಿಂಗ್, ಕೋರ್ಸ್ ಹಿಡಿದು ಸಾಗುವುದು ಇವಿಷ್ಟನ್ನು ಮಾಡಿರಲೇಬೇಕು ಎಂಬ ನಿಯಮವಿದೆ. ನಮ್ಮಲ್ಲಿ ರೇಟಿಂಗ್ ಅವಧಿ 12 ತಿಂಗಳು, ಆಮೇಲೆ ಮತ್ತೆ ಪರೀಕ್ಷಾ ಹಾರಾಟ. ನಡುವಿನ ಆ ಹನ್ನೆರಡು ತಿಂಗಳನ್ನು ಹೇಗೆ ಕಳೆಯುತ್ತೇವೆ ಎಂಬುದು ಪೂರ್ತಿ ನಮ್ಮ ಮೇಲೆ.

ಚಿಕ್ಕಬಳ್ಳಾಪುರದಲ್ಲಿರುವ ಹವ್ಯಾಸಿ ಪೈಲಟ್‌ಗೆ ಸಣ್ಣ ವಿಮಾನಗಳ ಹತ್ತಿರದ ನೆಲೆ ಎಂದರೆ ಹೆದ್ದಾರಿ 44 ಹಿಡಿದು ಹೋದರೆ ಸಿಗುವ ಜಕ್ಕೂರು. ಅಲ್ಲಿ ಐಎಲ್‌ಎಸ್ (ರೇಡಿಯೊ ಕಿರಣದಿಂದ ರನ್‌ವೇಗೆ ದಾರಿ ತೋರುವ ವ್ಯವಸ್ಥೆ) ಇಲ್ಲ. ಐಎಲ್‌ಎಸ್ ಇರುವ ದೇವನಹಳ್ಳಿ ಇನ್ನೂ ಹತ್ತಿರ, ಆದರೆ ದೊಡ್ಡ ವಿಮಾನಗಳ ಸಾಲಿನ ನಡುವೆ ಸೆಸ್ನಾದಂಥ ಒಂದು ಪುಟ್ಟ ವಿಮಾನಕ್ಕೆ ಅಭ್ಯಾಸದ ಅಪ್ರೋಚ್‌ಗೆ ಜಾಗ ಸಿಗುವುದು ಸುಲಭವಲ್ಲ. ಹಾಗಾಗಿ ಮನೆಯ ಕಂಪ್ಯೂಟರ್‌ನಲ್ಲಿ ಹಾರಾಟದ ಸಿಮ್ಯುಲೇಟರ್ ಸಾಫ್ಟ್‌ವೇರ್ ಆದ ಎಕ್ಸ್‌-ಪ್ಲೇನ್ 12 ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನೋಡುವುದು ಸಾರ್ಥಕ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕೈಯ ಅಳತೆ ಕಲಿಯಲು ಇದು ಬೇಡ, ಕ್ರಮ ಕಲಿಯಲು ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಒಂದು ವಿಷಯ ಸ್ಪಷ್ಟವಿರಲಿ. ಮನೆಯಲ್ಲಿ ಹಾರಿಸಿದ ಗಂಟೆಗಳನ್ನು ಲಾಗ್‌ಬುಕ್‌ಗೆ ಬರೆಯುವ ಹಾಗಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯ ಮಾಡಿದ ಸಿಮ್ಯುಲೇಟರ್‌ನ ಗಂಟೆಗೆ ಮಾತ್ರ ಲೆಕ್ಕ.

ಕೊಳ್ಳುವ ಮುಂಚೆ ಉಚಿತ ಡೆಮೊ ಹಾಕಿ ನೋಡಿ. ಅಮೆರಿಕದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಮಾತ್ರ ಹಾರಲು ಬಿಡುತ್ತದೆ, ನಿಮ್ಮ ಕಂಪ್ಯೂಟರ್ ತಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಾಕು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ ರೂಪಾಯಿಯಲ್ಲೇ ಪಾವತಿ. ಇನ್‌ಸ್ಟಾಲ್ ಮಾಡುವಾಗ ಇಡೀ ಭೂಮಂಡಲದ ದೃಶ್ಯ ಇಳಿಸಿಕೊಳ್ಳಬೇಡಿ. ಬೇಕಾದ ಭಾಗದ ದೃಶ್ಯವನ್ನಷ್ಟೇ ಆರಿಸಿದರೆ ಹತ್ತಾರು ಜಿಬಿ ಉಳಿಯುತ್ತದೆ. 16 ಜಿಬಿ ಮೆಮೊರಿ, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನೆಮ್ಮದಿ. ಅದಕ್ಕಿಂತ ಕಡಿಮೆ ಇದ್ದರೂ ಮೋಡದೊಳಗಿನ ಅಭ್ಯಾಸಕ್ಕೆ ಮರ ಗಿಡ ಕಟ್ಟಡ ಯಾವುದೂ ಬೇಕಿಲ್ಲ, ದೃಶ್ಯದ ಮಟ್ಟ ತಳಕ್ಕೆ ಇಳಿಸಿ.

ಇಲ್ಲಿ ಬಹಳ ಜನ ಗಮನಿಸದ ಒಂದು ತೊಡಕಿದೆ. ಫ್ರೇಮ್ ದರ (ಪರದೆಯ ಚಿತ್ರ ಬದಲಾಗುವ ವೇಗ) ಸೆಕೆಂಡಿಗೆ 20ಕ್ಕಿಂತ ಕೆಳಗಿಳಿದರೆ ಎಕ್ಸ್‌-ಪ್ಲೇನ್ ತನ್ನೊಳಗಿನ ಕಾಲವನ್ನೇ ನಿಧಾನ ಮಾಡುತ್ತದೆ. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ನಿಮ್ಮ ಕೈಗಡಿಯಾರದ ಒಂದು ನಿಮಿಷ ಅಲ್ಲಿಯ ಒಂದು ನಿಮಿಷವಲ್ಲ. ಹೋಲ್ಡಿಂಗ್‌ನ ಒಂದು ನಿಮಿಷದ ಔಟ್‌ಬೌಂಡ್ (ಫಿಕ್ಸ್‌ನಿಂದ ದೂರ ಹೋಗುವ ಭಾಗ), 90 ಡಿಗ್ರಿಗೆ 30 ಸೆಕೆಂಡಿನ ತಿರುವು ಎಲ್ಲ ತಪ್ಪುತ್ತದೆ. ತಪ್ಪು ತಮ್ಮದೇ ಎಂದುಕೊಂಡು ಅಭ್ಯಾಸವನ್ನೇ ಕೆಡಿಸಿಕೊಳ್ಳುವವರಿದ್ದಾರೆ. ಡೇಟಾ ಔಟ್‌ಪುಟ್ ಪುಟದಲ್ಲಿ ಫ್ರೇಮ್ ರೇಟ್ ಸಾಲನ್ನು ಪರದೆಗೆ ತರಿಸಿ ಎಫ್-ಆ್ಯಕ್ಟ್ (ನಿಜವಾಗಿ ಬರುತ್ತಿರುವ ದರ), ಎಫ್-ಸಿಮ್ (ಸಿಮ್ಯುಲೇಟರ್ ಲೆಕ್ಕಕ್ಕೆ ಹಿಡಿದ ದರ) ಎರಡೂ ಒಂದೇ ಇವೆಯೇ ನೋಡಿ. ಬೇರೆ ಬೇರೆ ಇದ್ದರೆ ಮೊದಲು ದೃಶ್ಯದ ಮಟ್ಟ ಇಳಿಸಿ, ಆಮೇಲೆ ಹಾರಿ.

ಕರೆಂಟಿನ ಮಾತು. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 400 ವಾಟ್ ಎಳೆಯುವುದು ಸಾಮಾನ್ಯ. 600 ವಿಎ ಯುಪಿಎಸ್‌ಗೆ ತಡೆಯುವುದು 360 ವಾಟ್ ಮಾತ್ರ, ಕರೆಂಟ್ ಹೋದ ತಕ್ಷಣ ಅದೂ ಹೋಗುತ್ತದೆ. 1000 ವಿಎಯದು ಬೇಕು. ಮನೆಗೆ ಇನ್ವರ್ಟರ್ ಇದ್ದರೆ ಅದರ ಮೇಲಿನ ಸ್ವಿಚ್ ನಾರ್ಮಲ್ ಬದಲು ಯುಪಿಎಸ್ ಕಡೆಗಿರಲಿ, ಇಲ್ಲವಾದರೆ ಬದಲಾಗುವ ಆ ಗಳಿಗೆಯಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಜಾಯ್‌ಸ್ಟಿಕ್‌ಗೆ ಹೆಚ್ಚು ಹಣ ಸುರಿಯಬೇಡಿ. ಥ್ರಸ್ಟ್‌ಮಾಸ್ಟರ್ ಟಿ-16000ಎಂ ಸಾಕು. ಅದರ ಒಳಗೆ ಹಾಲ್ ಸೆನ್ಸರ್ ಇರುವುದರಿಂದ ಹಳೆಯ ತಿರುಗುವ ರೆಸಿಸ್ಟರ್‌ಗಳ ಹಾಗೆ ಧೂಳಿಗೆ ಕೆಡುವುದಿಲ್ಲ, ಮತ್ತು ಹಿಡಿ ತಿರುಗಿಸಿದರೆ ರಡ್ಡರ್. ಯೋಕ್ (ವಿಮಾನದ ಹಿಡಿಚಕ್ರ) ಬೇಕೇ ಬೇಕು ಎನ್ನುವವರು ಒಂದು ಅಂತರ ತಿಳಿದಿರಲಿ: ಲಾಜಿಟೆಕ್‌ನದು ಒಟ್ಟು 90 ಡಿಗ್ರಿ ತಿರುಗುತ್ತದೆ, ಹನಿಕೋಂಬ್ ಆಲ್ಫಾ 180 ಡಿಗ್ರಿ. ಸೆಸ್ನಾದ ಅಳತೆಗೆ ಎರಡನೆಯದು ಹತ್ತಿರ. ಯಾವುದೇ ಆದರೂ ಮೊದಲು ಕ್ಯಾಲಿಬ್ರೇಟ್ ಮಾಡಿ, ಸ್ಟೆಬಿಲಿಟಿ ಆಗ್ಮೆಂಟೇಶನ್ (ವಿಮಾನವನ್ನು ತಾನೇ ನೆಟ್ಟಗಿಡುವ ನೆರವು) ಸೊನ್ನೆಗಿಳಿಸಿ, ರೆಸ್ಪಾನ್ಸ್ ಕರ್ವ್ ಸ್ವಲ್ಪ ಬಾಗಿಸಿ. ಹಾಗೆ ಮಾಡದಿದ್ದರೆ ಮೂತಿ ಮೇಲೆ ಕೆಳಗೆ ಕುಣಿಯುತ್ತದೆ, ಟ್ರಿಮ್ ಮಾಡುವುದರಲ್ಲೇ ಕಾಲ ಹೋಗುತ್ತದೆ. ಪೆಡಲ್ ಕೊನೆಗೆ ಕೊಂಡರಾಯಿತು.

ಚಾರ್ಟ್‌ಗಳಿಗೆ ದುಡ್ಡು ಕೊಡಬೇಕಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರದ ಎಐಪಿ (ಹಾರಾಟ ಮಾಹಿತಿಯ ಪುಸ್ತಕ) ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಬೆಂಗಳೂರಿನ ಅಪ್ರೋಚ್ ಚಾರ್ಟ್‌ಗಳನ್ನು ಅಲ್ಲಿಂದಲೇ ಪ್ರಿಂಟ್ ತೆಗೆಯಿರಿ. ಆದರೆ ಪ್ರತಿ 28 ದಿನಕ್ಕೆ ಮಾಹಿತಿ ಬದಲಾಗುತ್ತದೆ, ಎಕ್ಸ್‌-ಪ್ಲೇನ್ ಜೊತೆ ಬರುವ ದತ್ತಾಂಶ ಹಳೆಯದಿರುತ್ತದೆ. ಚಾರ್ಟಿನ ಫ್ರೀಕ್ವೆನ್ಸಿ, ಇನ್‌ಬೌಂಡ್ ಕೋರ್ಸ್ ಎರಡನ್ನೂ ತಾಳೆ ನೋಡಿ. ತಾಳೆಯಾಗದಿದ್ದರೆ ನ್ಯಾವಿಗ್ರಾಫ್ ಎಂಬ ದತ್ತಾಂಶ ಸೇವೆಯ ಚಂದಾ ಇದೆ, ತಾಳೆಯಾದರೆ ಆ ಖರ್ಚು ಉಳಿಯಿತು. ಚಾರ್ಟ್ ಕೈಗೆ ಬಂದ ಮೇಲೆ ಸೆಕ್ಟರ್ ಎತ್ತರಗಳನ್ನು (ಆಯಾ ದಿಕ್ಕಿನಲ್ಲಿ ಇರಬೇಕಾದ ಕನಿಷ್ಠ ಎತ್ತರ) ಅರ್ಥಮಾಡಿಕೊಂಡು ಓದಿ. ನಂದಿಬೆಟ್ಟ ದೇವನಹಳ್ಳಿ ನಿಲ್ದಾಣದ ಉತ್ತರಕ್ಕೆ ಸುಮಾರು 20 ಕಿ.ಮೀ., ಎತ್ತರ 1,478 ಮೀಟರ್, ಅಂದರೆ 4,850 ಅಡಿ. ಅದರ ಮೇಲೆ 1,000 ಅಡಿ ಅಂತರ ಬೇಕು. ಆ ಕಡೆಯ ಅಂಕಿ 5,850ಕ್ಕಿಂತ ಕೆಳಗಿರಲಾರದು ಎಂದು ಚಾರ್ಟ್ ನೋಡುವ ಮುಂಚೆಯೇ ಹೇಳಬಲ್ಲವರು ಮೋಡದಲ್ಲಿ ಬೆಟ್ಟವನ್ನು ಮರೆಯುವುದಿಲ್ಲ.

ಹವಾಮಾನವನ್ನು ಕೈಯಿಂದ ಹಾಕುವಾಗ ಇನ್ನೊಂದು ಎಡವಟ್ಟು. ಮೋಡದ ತಳವನ್ನು ಎಕ್ಸ್‌-ಪ್ಲೇನ್ ಸಮುದ್ರಮಟ್ಟದಿಂದ ಅಳೆಯುತ್ತದೆ. ದೇವನಹಳ್ಳಿ ಇರುವುದೇ ಸುಮಾರು 3,000 ಅಡಿಯಲ್ಲಿ. 200 ಎಂದು ಹಾಕಿದರೆ ಮೋಡ ನೆಲದಡಿ ಇರುತ್ತದೆ, 3,200 ಹಾಕಬೇಕು. ಕ್ಯಾಟಗರಿ 1 ಐಎಲ್‌ಎಸ್‌ಗೆ ಇಳಿಯಬಹುದಾದ ಎತ್ತರ 200 ಅಡಿ, ರನ್‌ವೇ ಕಾಣುವ ದೂರ 550 ಮೀಟರ್ ಎಂಬುದು ಸಾಮಾನ್ಯ ಮಿತಿ. ಡಿಸೆಂಬರ್, ಜನವರಿಯ ಮುಂಜಾವು ದೇವನಹಳ್ಳಿ ಕಡೆ ಬೀಳುವ ಮಂಜು ನೋಡಿದವರಿಗೆ ಇದು ಬರೀ ಅಂಕಿಯಲ್ಲ ಎಂದು ಗೊತ್ತು. ಮೂರರಲ್ಲಿ ಒಂದು ಸಲ ಮೋಡವನ್ನು 3,100ಕ್ಕೆ ಇಳಿಸಿ, ಆಗ ರನ್‌ವೇ ಕಾಣುವುದೇ ಇಲ್ಲ. ಸಾಧ್ಯವಾದರೆ ಆ ಅಂಕಿಯನ್ನು ಮನೆಯಲ್ಲಿ ಬೇರೆ ಯಾರಾದರೂ ಹಾಕಲಿ. ಇಳಿಯುತ್ತೇವೆ ಎಂಬ ಭರವಸೆಯಿಂದಲೇ ಬಂದವರು ಇಳಿಯದೆ ಮತ್ತೆ ಮೇಲೇರುವ ಮಿಸ್ಡ್ ಅಪ್ರೋಚ್‌ನ ಮೊದಲ ತಿರುವನ್ನು ಮರೆಯುತ್ತಾರೆ.

ಇನ್ನು ಈ ಸಾಫ್ಟ್‌ವೇರ್‌ನ ನಿಜವಾದ ಬೆಲೆ ಇರುವ ಜಾಗ: ಫೇಲ್ಯೂರ್ ಪಟ್ಟಿ (ಬೇಕೆಂದೇ ಉಪಕರಣ ಕೆಡಿಸುವ ಆಯ್ಕೆಗಳು). ನಿಜ ವಿಮಾನದಲ್ಲಿ ಗೈರೋ ಉಪಕರಣಗಳನ್ನು ತಿರುಗಿಸುವ ವ್ಯಾಕ್ಯೂಮ್ ಪಂಪ್ ಕೆಡುವ ರೀತಿಯನ್ನು ಬೋಧಕರು ತೋರಿಸಲಾರರು. ಅವರು ಉಪಕರಣವನ್ನು ರಬ್ಬರ್ ಮುಚ್ಚಳದಿಂದ ಮುಚ್ಚುತ್ತಾರೆ, ಆ ಕ್ಷಣವೇ ನಿಮಗೆ ಕೆಟ್ಟಿದ್ದು ಯಾವುದು ಎಂದು ಗೊತ್ತಾಗುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ. ಗೈರೋ ನಿಧಾನವಾಗಿ ನಿಲ್ಲುತ್ತದೆ, ಆಟಿಟ್ಯೂಡ್ ಇಂಡಿಕೇಟರ್ ಮೆಲ್ಲಗೆ ಒಂದು ಕಡೆ ವಾಲುತ್ತದೆ, ಅದನ್ನು ನೆಟ್ಟಗೆ ಮಾಡಲು ಹೋಗಿ ಪೈಲಟ್ ವಿಮಾನವನ್ನೇ ಇನ್ನೊಂದು ಕಡೆ ವಾಲಿಸುತ್ತಾನೆ. ಈ ಮೋಸವನ್ನು ಅನುಭವಿಸಲು ಸಿಮ್ಯುಲೇಟರೇ ಬೇಕು. ಗಡಿಯಾರದ ಮುಖದ ಮೀಟರ್‌ಗಳಿರುವ ಸೆಸ್ನಾ 172 ಆರಿಸಿ, ಆ ಪಟ್ಟಿಯಲ್ಲಿ ವ್ಯಾಕ್ಯೂಮ್ ಸಾಲುಗಳು ಎಷ್ಟಿದ್ದರೂ ಎಲ್ಲವನ್ನೂ ಯಾವಾಗಲೋ ಒಮ್ಮೆ ಕೆಡುವಂತೆ ಇಡಿ. 172ಎಸ್‌ನಲ್ಲಿ ಎರಡು ಪಂಪ್ ಇರುತ್ತವೆ, ಒಂದನ್ನೇ ಕೆಡಿಸಿದರೆ ಏನೂ ಆಗದೆ ಹೋಗಬಹುದು. ಆಮೇಲೆ ಮಾಮೂಲಿನಂತೆ ಹಾರಿ.

ಗುರುತಿಸುವುದು ಹೇಗೆ? ಆಟಿಟ್ಯೂಡ್ ಎಡಕ್ಕೆ ವಾಲಿದೆ ಎನ್ನುತ್ತದೆ, ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್ ನೆಟ್ಟಗಿದೆ, ದಿಕ್ಸೂಚಿ ಕದಲುತ್ತಿಲ್ಲ. ಎರಡರ ಮಾತು ಒಂದೇ ಆಗಿದ್ದರೆ ಅದನ್ನೇ ನಂಬಿ. ಟರ್ನ್ ಕೋಆರ್ಡಿನೇಟರ್ ಕರೆಂಟಿನಿಂದ ಓಡುತ್ತದೆ, ಪಂಪಿಗೂ ಅದಕ್ಕೂ ಸಂಬಂಧವಿಲ್ಲ. ಹೆಡಿಂಗ್ ಇಂಡಿಕೇಟರ್ ಕೂಡ ಹೋಗಿರುತ್ತದೆ, ಅದನ್ನು ಮರೆಯಬೇಡಿ. ಎರಡನ್ನೂ ಕಾಗದ ಅಂಟಿಸಿ ಮುಚ್ಚಿ, ಸೆಕೆಂಡಿಗೆ 3 ಡಿಗ್ರಿ ಲೆಕ್ಕದಲ್ಲಿ ಗಡಿಯಾರ ನೋಡಿ ತಿರುಗಿ. ದಿಕ್ಸೂಚಿಯ ತಿರುವಿನ ದೋಷಕ್ಕೆ ಪುಸ್ತಕಗಳಲ್ಲಿ ಕೊಡುವ 30 ಡಿಗ್ರಿ ಮುಂಗಡ ಉತ್ತರ ದೇಶಗಳದ್ದು. ಕಾಂತೀಯ ಸಮಭಾಜಕ ರೇಖೆ ತಿರುನೆಲ್ವೇಲಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮಲ್ಲಿ ಆ ದೋಷ ಬಹಳ ಕಡಿಮೆ.

ಸ್ಟ್ಯಾಟಿಕ್ (ಹೊರಗಿನ ಗಾಳಿಯ ಒತ್ತಡ ಪಡೆಯುವ ರಂಧ್ರ) ಮುಚ್ಚಿಹೋಗುವುದನ್ನೂ ಹಾಕಿ ನೋಡಿ: ಆಲ್ಟಿಮೀಟರ್ ನಿಂತಲ್ಲೇ ನಿಲ್ಲುತ್ತದೆ, ಇಳಿಯುವಾಗ ವೇಗ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಪವರ್ ಕಡಿಮೆ ಮಾಡಿದರೆ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಹತ್ತಿರವಾಗುತ್ತದೆ.

ಹೋಲ್ಡಿಂಗ್‌ಗೆ ಗಾಳಿ ಹಾಕದೆ ಅಭ್ಯಾಸ ಮಾಡುವುದು ವ್ಯರ್ಥ. 90 ನಾಟ್ ವೇಗ, 15 ನಾಟ್ ಅಡ್ಡಗಾಳಿ ಎಂದರೆ ಇನ್‌ಬೌಂಡ್‌ನಲ್ಲಿ 10 ಡಿಗ್ರಿ ತಿದ್ದುಪಡಿ, ಔಟ್‌ಬೌಂಡ್‌ನಲ್ಲಿ ಅದರ ಮೂರರಷ್ಟು. ಗ್ಲೈಡ್‌ಸ್ಲೋಪ್‌ನಲ್ಲಿ (ಐಎಲ್‌ಎಸ್ ತೋರುವ ಇಳಿಜಾರು) ಇಳಿಯುವ ವೇಗ ತಿಳಿಯಲು ನೆಲದ ವೇಗವನ್ನು 5ರಿಂದ ಗುಣಿಸಿ: 90ಕ್ಕೆ ನಿಮಿಷಕ್ಕೆ 450 ಅಡಿ, ಎದುರುಗಾಳಿಯಿಂದ 80 ಆದರೆ 400.

ಕೊರತೆಗಳು. ಒಳಗಿರುವ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ನಮ್ಮ ರೇಡಿಯೊ ಮಾತಿನ ಅಭ್ಯಾಸಕ್ಕೆ ಸಾಲದು. ವ್ಯಾಟ್‌ಸಿಮ್ ಎಂಬ ಆನ್‌ಲೈನ್ ಜಾಲ ಉಚಿತ, ಅಲ್ಲಿ ಮನುಷ್ಯರೇ ಮಾತಾಡುತ್ತಾರೆ, ಸ್ವಯಂಸೇವಕರಾದ್ದರಿಂದ ಎಲ್ಲ ಹೊತ್ತೂ ಸಿಗುವುದಿಲ್ಲ. ದೊಡ್ಡ ಕೊರತೆ ಬೇರೆ: ಕುರ್ಚಿ ಅಲುಗುವುದಿಲ್ಲ. ಮೋಡದಲ್ಲಿ ಒಳಕಿವಿ ಹೇಳುವ ಸುಳ್ಳು, ತಲೆ ಬಗ್ಗಿಸಿ ಚಾರ್ಟ್ ಎತ್ತಿದಾಗ ಆಗುವ ತಲೆಸುತ್ತು ಇಲ್ಲಿ ಬರುವುದೇ ಇಲ್ಲ. ಅದಕ್ಕೆ ಬೋಧಕರ ಜೊತೆ ಹೊರನೋಟ ಮರೆಮಾಡುವ ಹುಡ್ ಹಾಕಿಕೊಂಡು ಹಾರಬೇಕು. ಹಾಗಾಗಿ ರೇಟಿಂಗ್‌ಗೆ ಇನ್ನೂ ಓದುತ್ತಿರುವವರಿಗೆ, ಕೈ ಕೂರದವರಿಗೆ ಇದನ್ನು ನಾವು ಹೇಳುವುದಿಲ್ಲ. ತಪ್ಪು ಅಭ್ಯಾಸ ಬೇರೂರುತ್ತದೆ.

ಹಾರಾಟವನ್ನು ನಡುವೆ ತಡೆದು ನಿಲ್ಲಿಸುವ ಪಾಸ್ ಬಟನ್‌ಗೆ ಒಂದು ಕಟ್ಟುಪಾಡು ಹಾಕಿಕೊಳ್ಳಿ: ಟೇಕಾಫ್‌ನಿಂದ ಮಿಸ್ಡ್ ಅಪ್ರೋಚ್ ಮುಗಿಯುವವರೆಗೆ ಒತ್ತಬಾರದು. ಮುಗಿದ ಮೇಲೆ ಮ್ಯಾಪ್‌ನಲ್ಲಿ ಹಾರಿದ ದಾರಿಯ ಗೆರೆ ನೋಡಿ ಮೂರು ಅಂಕಿ ಬರೆದಿಡಿ. ಎತ್ತರ ಎಷ್ಟು ತಪ್ಪಿತು, ಹೆಡಿಂಗ್ ಎಷ್ಟು ತಪ್ಪಿತು, ಫೈನಲ್‌ನಲ್ಲಿ ಐಎಲ್‌ಎಸ್ ಸೂಜಿ ನಡುವಿನಿಂದ ಎಷ್ಟು ದೂರ ಹೋಯಿತು. ಅಮೆರಿಕದ ಪರೀಕ್ಷಾ ಮಾನದಂಡದಲ್ಲಿ 100 ಅಡಿ, 10 ಡಿಗ್ರಿ, ಸೂಜಿಯ ಮುಕ್ಕಾಲು ಓಟದವರೆಗೆ ಒಪ್ಪುತ್ತಾರೆ. ಮನೆಯಲ್ಲಿ ಕುರ್ಚಿ ಅಲುಗದ ಕಾರಣ 50 ಅಡಿ, 5 ಡಿಗ್ರಿ, ಅರ್ಧ ಓಟ ಎಂದು ಬಿಗಿ ಮಾಡಿಕೊಳ್ಳಿ.