‘ರೆಟ್ರೊ’ ಎಂಬ ಹೆಸರನ್ನು ನಂಬಿ ಹಳೆಯ ಬಚ್ಚಲುಮನೆಯ ನೆಲ ಒಡೆಸಬೇಡಿ

ಷಿಕಾಗೊ ನಗರದ ಹೊರವಲಯದಲ್ಲಿ ಮೂರು ವರ್ಷಗಳ ಹಿಂದೆ ನಾವು ಕೊಂಡ ಮನೆ 1956ರಲ್ಲಿ ಕಟ್ಟಿದ್ದು. ಅದರ ಬಚ್ಚಲುಮನೆ ಐದಡಿ ಅಗಲ, ಎಂಟಡಿ ಉದ್ದ. ಗೋಡೆಗೆ ಎದೆಮಟ್ಟದವರೆಗೆ ನಾಲ್ಕೂಕಾಲು ಅಂಗುಲದ ಚೌಕಾಕಾರದ ಗುಲಾಬಿ ಟೈಲ್ಸ್, ಅದರ ಮೇಲಂಚಿಗೆ ಕಡುಗೆಂಪು ಪಟ್ಟಿ, ನೆಲಕ್ಕೆ ಬಿಳಿ, ಬೂದು, ಗುಲಾಬಿ ಬಣ್ಣ ಬೆರೆತ ಒಂದಂಗುಲದ ಪಿಂಗಾಣಿ ಬಿಲ್ಲೆಗಳು. 1953ರಿಂದ 1961ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಪತ್ನಿ ಮೇಮಿ ಅವರಿಗೆ ಈ ಗುಲಾಬಿ ಬಣ್ಣ ಬಹಳ ಪ್ರಿಯವಾಗಿತ್ತು, ಆ ಕಾಲದ ಸಾಮಾನ್ಯ ಮನೆಗಳ ಬಚ್ಚಲುಗಳಲ್ಲೂ ಅದು ಎಲ್ಲೆಡೆ ಹರಡಿತ್ತು. ಅರವತ್ತಕ್ಕೂ ಹೆಚ್ಚು ವರ್ಷ ಬಾಳಿದ ಆ ನೆಲವನ್ನು ನಾವು ಕೈಯಾರೆ ಹಣ ಕೊಟ್ಟು ಒಡೆಸಿದೆವು. ಅದರ ಜಾಗದಲ್ಲಿ ಹಾಕಿಸಿದ ನೆಲ ಎಂಟು ತಿಂಗಳಲ್ಲಿ ಹಾಳಾಯಿತು. ಇಂಥದೇ ಹಳೆಯ ಮನೆ ಕೊಂಡಿರುವವರು, ಅಥವಾ ಹೊಸ ಮನೆಯಲ್ಲಿ ಆ ಕಾಲದ ಬಚ್ಚಲುಮನೆಯ ಚೆಲುವನ್ನು ತರಬೇಕೆಂದಿರುವವರು ನಮ್ಮ ತಪ್ಪನ್ನು ಮತ್ತೆ ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಕಮೋಡಿನ ಬುಡದಲ್ಲಿ ನಾಲ್ಕು ಬಿಲ್ಲೆಗಳು ಸಡಿಲವಾಗಿದ್ದವು, ಅವುಗಳ ಸುತ್ತಲಿನ ಸಂದು ಕಪ್ಪಾಗಿತ್ತು. ನೋಡಲು ಬಂದ ಗುತ್ತಿಗೆದಾರರು ಬಗ್ಗಿ ಪರೀಕ್ಷಿಸಲೂ ಇಲ್ಲ, ನೆಲವೆಲ್ಲ ಸತ್ತುಹೋಗಿದೆ, ಪೂರ್ತಿ ತೆಗೆಸಲೇಬೇಕು ಎಂದರು. ನಾವು ಇನ್ನೊಬ್ಬರನ್ನು ಕೇಳಲಿಲ್ಲ. ಒಡೆದ ಮೇಲೆ ತಿಳಿದದ್ದೇನೆಂದರೆ, ಕಮೋಡಿಗೂ ಕೆಳಗಿನ ಕೊಳವೆಗೂ ನಡುವೆ ಕೂರುವ ಮೇಣದ ಬಳೆ ಸವೆದು ನೀರು ಜಿನುಗುತ್ತಿತ್ತು, ತೇವ ಹಿಡಿದದ್ದು ಅಂಗೈಯಗಲ ಜಾಗದಲ್ಲಿ ಮಾತ್ರ. ಉಳಿದ ನೆಲದಡಿಯಲ್ಲಿ ಕಬ್ಬಿಣದ ಜಾಲರಿಯ ಮೇಲೆ ಒಂದಂಗುಲಕ್ಕಿಂತ ದಪ್ಪವಾಗಿ ಹಾಸಿದ್ದ ಗಾರೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಬಿಡಿಸಲು ಇಬ್ಬರು ಆಳುಗಳಿಗೆ ಎರಡು ದಿನ ಬೇಕಾಯಿತು. ಹೊಸ ಮೇಣದ ಬಳೆ, ನಾಲ್ಕು ಬಿಲ್ಲೆ, ಸಂದುಗಳಿಗೆ ತುಂಬುವ ಒಂದಿಷ್ಟು ಗ್ರೌಟ್, ಇಷ್ಟರಲ್ಲಿ ಮುಗಿಯಬೇಕಾಗಿದ್ದ ಕೆಲಸವದು.

ಆ ಎರಡು ದಿನಗಳ ಧೂಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಹಳೆಯ ಟೈಲ್ಸ್‌ಗಳ ಮೆರುಗಿನಲ್ಲಿ ಸೀಸ ಇರುವುದುಂಟು. ಗೋಡೆಯ ಮೇಲೆ ಇದ್ದಂತೆಯೇ ಇದ್ದರೆ ಅದರಿಂದ ತೊಂದರೆಯಿಲ್ಲ, ಒಡೆದು ಪುಡಿಯಾದಾಗಲೇ ಅಪಾಯ. 1978ಕ್ಕಿಂತ ಮೊದಲು ಕಟ್ಟಿದ ಮನೆಗಳ ಬಣ್ಣದಲ್ಲೂ ಸೀಸದ ಶಂಕೆಯಿರುತ್ತದೆ. ಹಜಾರದಲ್ಲೋ ಅಡುಗೆಮನೆಯಲ್ಲೋ ಒಂಬತ್ತಂಗುಲ ಚೌಕದ ಹಳೆಯ ಟೈಲ್ಸ್ ಇದ್ದರೆ ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಹೆಚ್ಚು. ಆಗ ನಮ್ಮ ಮಗಳಿಗೆ ಎರಡು ವರ್ಷ. ಯಾವ ಪರೀಕ್ಷೆಯನ್ನೂ ಮಾಡಿಸದೆ, ಬಾಗಿಲಿಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ಒಡೆಸಿದೆವು. ನೀವು ಸುತ್ತಿಗೆ ಎತ್ತಿಸುವ ಮುನ್ನ ಚೂರೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ಬರುವವರೆಗೆ ಕಾಯಿರಿ.

ಹೊಸ ನೆಲಕ್ಕಾಗಿ ಅಂಗಡಿಯಲ್ಲಿ ‘ರೆಟ್ರೊ’, ಅಂದರೆ ಹಳೆಯ ಕಾಲದ ಶೈಲಿ, ಎಂಬ ಚೀಟಿ ಅಂಟಿಸಿದ್ದ, ಬಿಳಿಯ ಮೇಲೆ ಬೂದುಬಣ್ಣದ ಹೂಬಳ್ಳಿಯಿದ್ದ ಎಂಟಂಗುಲದ ಸಿಮೆಂಟ್ ಟೈಲ್ಸ್ ಆರಿಸಿದೆವು. ಎರಡು ವಿಷಯಗಳನ್ನು ಅಂಗಡಿಯವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲನೆಯದು, ಆ ವಿನ್ಯಾಸ ಐವತ್ತರ ದಶಕದ ಅಮೆರಿಕದ ಬಚ್ಚಲಿನದ್ದೇ ಅಲ್ಲ; ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನಿಂದ ಹರಡಿದ ಸಂಪ್ರದಾಯ ಅದು, ಚೆಟ್ಟಿನಾಡಿನ ಆತ್ತಂಗುಡಿ ಟೈಲ್ಸ್‌ಗಳನ್ನು ಕಂಡವರಿಗೆ ಆ ಜಾತಿಯ ಪರಿಚಯವಿರುತ್ತದೆ. ಗುಲಾಬಿ ಗೋಡೆಯ ಪಕ್ಕದಲ್ಲಿ ಅದು ಕೊನೆಯವರೆಗೂ ಹೊಂದಲಿಲ್ಲ. ಎರಡನೆಯದು, ಮುಖ್ಯವಾದದ್ದು, ಅದು ಸುಟ್ಟ ಟೈಲ್ ಅಲ್ಲ. ಬಣ್ಣ ಬೆರೆಸಿದ ಸಿಮೆಂಟನ್ನು ಅಚ್ಚಿಗೆ ಸುರಿದು, ಹಿಂಬದಿಗೆ ಸಾದಾ ಸಿಮೆಂಟ್ ತುಂಬಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುತ್ತಾರೆ. ಮೇಲಿನ ಬಣ್ಣದ ಪದರ ಕೆಲವೇ ಮಿಲಿಮೀಟರ್. ಮೆರುಗಿನ ಹೊದಿಕೆ ಇಲ್ಲದ್ದರಿಂದ ಬಿದ್ದದ್ದನ್ನೆಲ್ಲ ಅದು ಹೀರಿಕೊಳ್ಳುತ್ತದೆ.

ಆದ್ದರಿಂದ ಇಂಥ ಟೈಲ್ಸ್‌ಗೆ ಗ್ರೌಟ್ ತುಂಬುವ ಮೊದಲು ಒಮ್ಮೆ, ತುಂಬಿದ ಮೇಲೆ ಮತ್ತೊಮ್ಮೆ, ಒಳಕ್ಕಿಳಿದು ಕಲೆ ಹೀರದಂತೆ ತಡೆಯುವ ಸೀಲರ್ ದ್ರವ ಹಚ್ಚಬೇಕು. ನಮ್ಮ ಕೆಲಸಗಾರರು ಮೊದಲ ಸಲದ್ದನ್ನು ಬಿಟ್ಟು, ಕಪ್ಪು ಗ್ರೌಟನ್ನು ನೇರವಾಗಿ ಬಳಿದು ಒರೆಸಿದರು. ಹೂಬಳ್ಳಿಯ ಸುತ್ತಲಿನ ಬಿಳಿಯಲ್ಲಿ ಹೊಗೆ ಹಿಡಿದಂತೆ ಬೂದು ಮಸುಕು ನಿಂತಿತು. ಅದನ್ನು ತೆಗೆಯಲು ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಊರಿನಲ್ಲಿ ಬಚ್ಚಲಿಗೆ ಆಸಿಡ್ ಹಾಕಿ ತೆಂಗಿನ ಪೊರಕೆಯಿಂದ ಉಜ್ಜುವುದನ್ನು ನೋಡುತ್ತಾ ಬೆಳೆದವಳು ನಾನು. ಇಲ್ಲಿಯೂ ಅದೇ ಆಸಿಡ್ ಸಿಗುತ್ತದೆ. ನೀರು ಬೆರೆಸಿ ಮೂಲೆಯಲ್ಲಿ ಸುರಿದೊಡನೆ ನೆಲ ಸೊರ್ರೆಂದು ನೊರೆಗಟ್ಟಿತು. ತೊಳೆದು ನೋಡಿದಾಗ ಮಸುಕಿನ ಜೊತೆಗೆ ಹೂಬಳ್ಳಿಯ ಬಣ್ಣವೂ ಹೋಗಿತ್ತು, ಬೆರಳಾಡಿಸಿದರೆ ಉಪ್ಪುಕಾಗದದಂತೆ ತರಿತರಿ. ಪಕ್ಕದ ಗೋಡೆಯ ಬುಡದ ಸಂದಿನ ಹಳೆಯ ಗ್ರೌಟ್ ಕೂಡ ಕರಗಿ ಗುಳಿಬಿತ್ತು. ಸಿಮೆಂಟಿನ ಶತ್ರು ಆಮ್ಲ. ವಿನೆಗರ್ ಆಗಲಿ, ನಿಂಬೆರಸವಾಗಲಿ ನಿಧಾನವಾಗಿ ಮಾಡುವುದೂ ಅದನ್ನೇ.

ನರಕಚತುರ್ದಶಿಯ ದಿನ ಎಣ್ಣೆಸ್ನಾನಕ್ಕೆ ನಿಂತ ನಮ್ಮ ಅತ್ತೆಯವರ ಎರಡು ಪಾದಗಳ ಗುರುತು, ಹಿಮ್ಮಡಿ, ಐದು ಬೆರಳು ಸಮೇತ, ಇಂದಿಗೂ ಟಬ್ಬಿನ ಮುಂದೆ ಕಂದಾಗಿ ಕಾಣುತ್ತದೆ. ಅವರು ಆ ಕಲೆಯನ್ನು ಕಂಡು ಎಷ್ಟು ನೊಂದುಕೊಂಡರೋ, ತಪ್ಪು ನಮ್ಮದೆಂದು ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಳ್ಳುವ, ಅರಿಸಿನ ಕುಂಕುಮ ಬಳಸುವ ನಮ್ಮಂಥ ಮನೆಗಳ ಬಚ್ಚಲಿಗೆ ಸಿಮೆಂಟ್ ಟೈಲ್ಸ್ ಬೇಡವೇ ಬೇಡ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಟೈಲ್ ಯಾವ ಜಾತಿಯದೆಂದು ತಿಳಿಯುವುದು ಕಷ್ಟವಲ್ಲ. ಕೊಳ್ಳುವ ಮುನ್ನ ಒಂದು ಮಾದರಿಯನ್ನು ಮನೆಗೆ ತಂದು ಅದರ ಮುಖದ ಮೇಲೆ ಒಂದು ಹನಿ ನೀರು, ಒಂದು ಹನಿ ಎಣ್ಣೆ, ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷದ ಮೇಲೆ ಒರೆಸಿ ನೋಡಿ. ನೀರು ಬಿದ್ದಲ್ಲಿ ಕಪ್ಪಾದರೆ, ನಿಂಬೆ ಬಿದ್ದಲ್ಲಿ ಬೆಳ್ಳಗೆ ಮಂಕಾದರೆ ಅದು ಸಿಮೆಂಟಿನದು. ಸುಟ್ಟ ಪಿಂಗಾಣಿಗೆ ಏನೂ ಆಗುವುದಿಲ್ಲ. ನೆಲಕ್ಕೆ ಆರಿಸುವಾಗ ಜಾರಿಕೆಯ ಅಳತೆಯನ್ನೂ ಕೇಳಿ: ಒದ್ದೆಯಾಗುವ ಒಳನೆಲದ ಟೈಲ್ಸ್‌ಗೆ ಅಮೆರಿಕದ ಮಾನದಂಡದಂತೆ ಡಿಸಿಒಎಫ್ (ನಡೆಯುವಾಗ ಕಾಲಿಗೆ ಸಿಗುವ ಹಿಡಿತದ ಅಳತೆ, ಹೆಚ್ಚಿದ್ದಷ್ಟೂ ಜಾರಿಕೆ ಕಡಿಮೆ) ಕನಿಷ್ಠ 0.42 ಇರಬೇಕು. ಮೆರುಗಿಲ್ಲದ ಸಣ್ಣ ಬಿಲ್ಲೆಗಳ ನೆಲದಲ್ಲಿ ಸಂದುಗಳು ಹೆಚ್ಚಿರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ಆ ಕಾಲದವರು ಬಚ್ಚಲಿಗೆ ಅದನ್ನು ಹಾಕಿದ್ದು ಅಂದಕ್ಕೆ ಮಾತ್ರವಲ್ಲ.

ಉಳಿದಿರುವ ಗುಲಾಬಿ ಗೋಡೆಯನ್ನು ಈಗ ಆಮ್ಲವೂ ಕ್ಷಾರವೂ ಅಲ್ಲದ ಸೋಪಿನ ನೀರು, ಮೆತ್ತನೆಯ ನೈಲಾನ್ ಬ್ರಷ್ ಇಷ್ಟರಿಂದಲೇ ತೊಳೆಯುತ್ತೇವೆ. ಸ್ನಾನವಾದ ಮೇಲೆ ಒಣಬಟ್ಟೆಯಿಂದ ಒರೆಸಿಬಿಟ್ಟರೆ ನೀರಿನ ಬಿಳಿಕಲೆ ಕೂರುವುದಿಲ್ಲ, ಆಮ್ಲದ ನೆನಪೂ ಬರುವುದಿಲ್ಲ. ಟಬ್ಬಿಗೂ ಗೋಡೆಗೂ ನಡುವಿನ ಸಂದಿಗೆ ಗ್ರೌಟ್ ತುಂಬಿಸಬೇಡಿ. ಟಬ್ಬು ಭಾರಕ್ಕೆ ತುಸು ಕುಗ್ಗಿದಾಗ ಅದು ಬಿರಿದು ನೀರು ಒಳಗಿಳಿಯುತ್ತದೆ, ಅಲ್ಲಿಗೆ ರಬ್ಬರಿನಂತೆ ಬಾಗುವ ಸಿಲಿಕೋನೇ ಸರಿ. ಗೋಡೆಯ ಟೈಲ್ ಒಂದೆರಡು ಒಡೆದಿದ್ದರೆ ಹಳೆಯ ಮನೆಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಹುಡುಕಿ. ನಾಲ್ಕೂಕಾಲು ಅಂಗುಲದ ಅಳತೆ ಇಂದಿಗೂ ತಯಾರಾಗುತ್ತದೆ, ಬಣ್ಣ ಹೊಂದಿಸುವುದೇ ಕಷ್ಟ. ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹಗಲು ಬೆಳಕಿನಲ್ಲಿ ಪಕ್ಕಕ್ಕಿಟ್ಟು ನೋಡಿ.

ಒಡೆಸಿದ ದಿನ ಕಸದ ಚೀಲದಿಂದ ನನ್ನ ಗಂಡ ಹದಿನೇಳು ಹಳೆಯ ಬಿಲ್ಲೆಗಳನ್ನು ಆರಿಸಿಟ್ಟಿದ್ದರು. ಮುಂದಿನ ತಿಂಗಳು ಸಿಮೆಂಟ್ ಟೈಲ್ಸ್ ತೆಗೆಸಿ, ಅದೇ ಅಳತೆಯ ಹೊಸ ಪಿಂಗಾಣಿ ಬಿಲ್ಲೆಗಳನ್ನು ಹಾಕಿಸುತ್ತಿದ್ದೇವೆ. ಈ ಹದಿನೇಳು ಬಾಗಿಲ ಬಳಿಯ ಮೊದಲ ಸಾಲಿಗೆ.