‘ಮೊದಲು ಎಲ್ಲಾದರೂ ಸೇರಿಸಿ, ಆಮೇಲೆ ಟ್ರಾನ್ಸ್‌ಫರ್ ಮಾಡಿಸೋಣ’ ಎನ್ನುವವರಿಗೆ ಹಣ ಕಟ್ಟುವ ಮುನ್ನ

ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳನ್ನು ಪದವಿ ಓದಲು ಅಮೆರಿಕಕ್ಕೆ ಕಳುಹಿಸಬೇಕೆಂದಿರುವ ತಂದೆತಾಯಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ದೊಡ್ಡ ವಿಶ್ವವಿದ್ಯಾಲಯಗಳ ಗಡುವು ಈ ವರ್ಷಕ್ಕೆ ಮುಗಿದಿದೆ, ಆದರೂ ಚಿಂತೆಯಿಲ್ಲ, ಈಗ ನಮ್ಮ ಪಾಲುದಾರ ಕಾಲೇಜೊಂದಕ್ಕೆ ಸೇರಿಸಿಬಿಡಿ, ಒಂದು ವರ್ಷ ಚೆನ್ನಾಗಿ ಓದಿದರೆ ಎರಡನೇ ವರ್ಷಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಡುವ ಜವಾಬ್ದಾರಿ ನಮ್ಮದು’ ಎಂದು ಯಾವುದೇ ಸಲಹಾ ಸಂಸ್ಥೆಯವರು ಹೇಳಿದರೆ, ದಯವಿಟ್ಟು ಅಲ್ಲಿ ಒಂದು ರೂಪಾಯಿಯನ್ನೂ ಕಟ್ಟದೆ ಎದ್ದು ಬನ್ನಿ. ದಾವಣಗೆರೆಯಲ್ಲಿರುವ ನನ್ನ ಅಣ್ಣನ ಮಗಳಿಗೆ ಬೆಂಗಳೂರಿನ ಒಂದು ಸಂಸ್ಥೆ ಇದೇ ಮಾತನ್ನು ಹೇಳಿ ಎರಡೂವರೆ ಲಕ್ಷ ರೂಪಾಯಿ ಶುಲ್ಕ ಪಡೆಯಿತು. ಆ ಮಾತಿನಿಂದ ಅವಳು ಕಳೆದುಕೊಂಡದ್ದು ಹಣಕ್ಕಿಂತ ದೊಡ್ಡದು.

ಅವಳು ವಿಜ್ಞಾನ ವಿಭಾಗದಲ್ಲಿ ತುಂಬ ಒಳ್ಳೆಯ ಅಂಕ ಪಡೆದವಳು. ಜೀವವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂಬುದು ಹೈಸ್ಕೂಲಿನಿಂದಲೂ ಇದ್ದ ಆಸೆ. ಅಮೆರಿಕದ ಆಯ್ದ ವಿಶ್ವವಿದ್ಯಾಲಯಗಳ ಮೊದಲ ಸುತ್ತಿನ ಅರ್ಜಿಗಳಿಗೆ ನವೆಂಬರ್ ಆರಂಭ, ಸಾಮಾನ್ಯ ಸುತ್ತಿಗೆ ಜನವರಿ ಮೊದಲ ವಾರದ ಆಸುಪಾಸು ಕಡೆಯ ದಿನವಾಗಿರುತ್ತದೆ. ನಮ್ಮ ಪಿಯು ಮಕ್ಕಳು ಆ ತಿಂಗಳುಗಳಲ್ಲಿ ಸಿಇಟಿ, ನೀಟ್ ತರಬೇತಿ ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳ ನಡುವೆ ತಲೆ ಎತ್ತಲಾರದೆ ಇರುತ್ತಾರೆ. ಹೀಗಾಗಿ ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮುಗಿಸಿ ವಿಚಾರಿಸಲು ಹೋಗುವ ಕುಟುಂಬಕ್ಕೆ ಉಳಿದಿರುವುದು ವರ್ಷವಿಡೀ ಅರ್ಜಿ ತೆಗೆದುಕೊಳ್ಳುವ ಕಾಲೇಜುಗಳು ಮಾತ್ರ. ಇಂಥ ಸಂಸ್ಥೆಗಳ ಸುಗ್ಗಿ ಶುರುವಾಗುವುದೂ ಆಗಲೇ.

ಪ್ರಾಮಾಣಿಕರಾದವರು ಅಂದು ಹೇಳಬೇಕಾಗಿದ್ದ ಮಾತು ಒಂದೇ ಒಂದು. ಹನ್ನೆರಡನೇ ತರಗತಿಯ ನಂತರ ಯಾವ ಕಾಲೇಜಿಗೂ ಪದವಿ ವಿದ್ಯಾರ್ಥಿಯಾಗಿ ಸೇರದೆ ಒಂದು ವರ್ಷ ಬಿಡುವು ತೆಗೆದುಕೊಂಡರೆ, ಮುಂದಿನ ನವೆಂಬರ್–ಜನವರಿಯಲ್ಲಿ ಆ ಹುಡುಗಿ ‘ಮೊದಲ ವರ್ಷದ ಅಭ್ಯರ್ಥಿ’ಯಾಗಿಯೇ ಅರ್ಜಿ ಹಾಕಬಹುದು, ಆ ಒಂದು ವರ್ಷವನ್ನು ಏಕೆ, ಹೇಗೆ ಕಳೆದಳೆಂದು ವಿವರಿಸಿದರೆ ಸಾಕು, ಅದನ್ನು ಅಲ್ಲಿ ದೋಷವೆಂದು ನೋಡುವುದಿಲ್ಲ. ಆದರೆ ಯಾವುದೋ ಕಾಲೇಜಿಗೆ ಸೇರಿ ಪೂರ್ಣಾವಧಿ ತರಗತಿಗೆ ಕುಳಿತ ಮೇಲೆ, ಬಹುಪಾಲು ವಿಶ್ವವಿದ್ಯಾಲಯಗಳ ನಿಯಮದಂತೆ, ಅವಳು ಟ್ರಾನ್ಸ್‌ಫರ್ ಅಭ್ಯರ್ಥಿ. ಮತ್ತೆ ಮೊದಲ ವರ್ಷದ ಸಾಲಿನಲ್ಲಿ ನಿಲ್ಲಲು ಬರುವುದಿಲ್ಲ. ಈ ಒಂದು ನಿಯಮವನ್ನು ನಮಗೆ ಯಾರೂ ಹೇಳಲಿಲ್ಲ. ಬಿಡುವಿನ ವರ್ಷದ ಬಗ್ಗೆ ಅಣ್ಣ ತಾನಾಗಿಯೇ ಕೇಳಿದಾಗ, ಹಾಗೆ ಮಾಡಿದರೆ ವೀಸಾ ಸಿಗುವುದಿಲ್ಲವೆಂದು ಆ ಸಂಸ್ಥೆಯ ಸಲಹೆಗಾರ ಉತ್ತರಿಸಿದ. ಅದು ಶುದ್ಧ ಸುಳ್ಳು.

ಟ್ರಾನ್ಸ್‌ಫರ್ ಬಾಗಿಲು ಎಷ್ಟು ಕಿರಿದೆಂಬುದು ಆಯಾ ವಿಶ್ವವಿದ್ಯಾಲಯಗಳ ಪ್ರವೇಶ ಪುಟಗಳಲ್ಲಿಯೇ ಇದೆ. ಹಾರ್ವರ್ಡ್ ಇತ್ತೀಚಿನ ವರ್ಷಗಳಲ್ಲಿ ಟ್ರಾನ್ಸ್‌ಫರ್ ಮೂಲಕ ಸೇರಿಸಿಕೊಂಡಿರುವುದು ವರ್ಷಕ್ಕೆ ಸರಾಸರಿ ಸುಮಾರು 12 ಮಂದಿಯನ್ನು. ಯೇಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಅರ್ಜಿಗಳಿಗೆ ಇರುವ ಜಾಗ 20ರಿಂದ 30. ಪ್ರಿನ್ಸ್‌ಟನ್ ಅಂತೂ 1990ರಿಂದ ಟ್ರಾನ್ಸ್‌ಫರ್ ಪದ್ಧತಿಯನ್ನೇ ನಿಲ್ಲಿಸಿತ್ತು. 2018ರಲ್ಲಿ ಮತ್ತೆ ಆರಂಭಿಸಿದಾಗ ಸೇನೆಯಲ್ಲಿ ಸೇವೆ ಸಲ್ಲಿಸಿದವರಿಗೆ, ಕಡಿಮೆ ಆದಾಯದ ಕುಟುಂಬದವರಿಗೆ ಮತ್ತು ಕಮ್ಯುನಿಟಿ ಕಾಲೇಜುಗಳಿಂದ (ಎರಡು ವರ್ಷದ ಸ್ಥಳೀಯ ಕಾಲೇಜುಗಳಿಂದ) ಬರುವವರಿಗೆ ಒತ್ತು ಕೊಟ್ಟಿತು. ಮೊದಲ ವರ್ಷದ ಪ್ರವೇಶವೂ ಇಲ್ಲೆಲ್ಲ ಬಹಳ ಕಠಿಣ ಎಂಬುದು ನಿಜ. ಆದರೆ ಅಲ್ಲಿ ತುಂಬಬೇಕಾದ ಜಾಗಗಳು ಸಾವಿರಕ್ಕೂ ಮೇಲೆ.

‘ಒಂದು ವರ್ಷ ಚೆನ್ನಾಗಿ ಓದಿದರೆ’ ಎಂಬ ಮಾತಿನ ಒಳಗೂ ಒಂದು ಮರೆಮಾಚಿದ ಸಂಗತಿಯಿದೆ. ಹಾರ್ವರ್ಡ್, ಯೇಲ್‌ನಂಥ ಕಡೆ ಟ್ರಾನ್ಸ್‌ಫರ್ ಅರ್ಜಿಗೆ ಮಾರ್ಚ್ 1ರ ಸುಮಾರಿಗೆ ಗಡುವು. ಆಗಸ್ಟ್ ಕೊನೆಯಲ್ಲಿ ಕಾಲೇಜಿಗೆ ಸೇರಿದ ಹುಡುಗಿಯ ಕೈಯಲ್ಲಿ ಆ ಹೊತ್ತಿಗೆ ಒಂದೇ ಸೆಮಿಸ್ಟರಿನ ಫಲಿತಾಂಶ ಇರುತ್ತದೆ, ಅಂದರೆ ಹದಿನೈದು–ಹದಿನಾರು ವಾರಗಳ ಓದು. ಶಿಫಾರಸು ಪತ್ರ ಬರೆಯಬೇಕಾದ ಪ್ರಾಧ್ಯಾಪಕರು ಅವಳನ್ನು ಬಲ್ಲದ್ದೂ ಅಷ್ಟೇ ಕಾಲ. ಕಾಲೇಜಿನ ಫಲಿತಾಂಶ ಇಷ್ಟು ಸ್ವಲ್ಪವೇ ಇರುವುದರಿಂದ, ಪ್ರವೇಶ ಸಮಿತಿ ಮತ್ತೆ ಒಂಬತ್ತರಿಂದ ಹನ್ನೆರಡನೇ ತರಗತಿಯ ಅಂಕಪಟ್ಟಿಗಳನ್ನೇ ಮುಖ್ಯವಾಗಿ ನೋಡುತ್ತದೆ. ‘ಅಲ್ಲಿಗೆ ಹೋದ ಮೇಲೆ ಪಿಯುಸಿಯನ್ನು ಯಾರೂ ಕೇಳುವುದಿಲ್ಲ’ ಎಂದು ಹೇಳಿ ಕಳುಹಿಸಿದ್ದರು. ಅವಳು ಅರ್ಜಿ ಹಾಕಿದ ಕಡೆಗಳಲ್ಲೆಲ್ಲ ಅದನ್ನು ಕೇಳಿದರು.

ಸಂಸ್ಥೆಯವರು ತಮ್ಮ ಮಾತಿಗೆ ಪುರಾವೆಯಾಗಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಉದಾಹರಣೆಯನ್ನು. ಪ್ರತಿವರ್ಷ ಸಾವಿರಾರು ವಿದ್ಯಾರ್ಥಿಗಳು ಟ್ರಾನ್ಸ್‌ಫರ್ ಮೂಲಕ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಾದ ಬರ್ಕ್ಲಿ ಮತ್ತು ಲಾಸ್ ಏಂಜಲೀಸ್‌ಗೆ ಸೇರುತ್ತಾರೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಹೇಳದೆ ಬಿಟ್ಟದ್ದೇ ಹೆಚ್ಚು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಹಾಗೆ ಬರುವವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಅದೇ ರಾಜ್ಯದ ಸರ್ಕಾರಿ ಕಮ್ಯುನಿಟಿ ಕಾಲೇಜುಗಳವರು. ಅವರಿಗೆ ನಿಯಮದಲ್ಲಿಯೇ ಮೊದಲ ಆದ್ಯತೆಯಿದೆ. ಖಚಿತ ಪ್ರವೇಶದ ಒಪ್ಪಂದವೂ ಅಲ್ಲಿನವರಿಗೆ ಮಾತ್ರ ಇದ್ದು, ಅದು ಅನ್ವಯಿಸುವುದು ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳಿಗೆ; ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಅದರಲ್ಲಿಲ್ಲ. ಇದಲ್ಲದೆ ಆ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಸೇರಿಸಿಕೊಳ್ಳುವುದು ಮೂರನೇ ವರ್ಷಕ್ಕೆ, ಅದೂ 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ (ಸುಮಾರು ಎರಡು ವರ್ಷದ ಓದು) ಪೂರೈಸಿದವರನ್ನು. ನಮ್ಮ ಹುಡುಗಿಯನ್ನು ಕಳುಹಿಸಿದ್ದು ಅಮೆರಿಕದ ಮಧ್ಯಭಾಗದ ಬೇರೊಂದು ರಾಜ್ಯದ ಸಣ್ಣ ಖಾಸಗಿ ಕಾಲೇಜಿಗೆ. ಒಂದು ವರ್ಷದ ಓದಿನ ನಂತರ ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ದಾರಿಯೇ ಇರಲಿಲ್ಲ. ದಾರಿಯಿದ್ದರೂ, ಹೊರರಾಜ್ಯ ಮತ್ತು ಹೊರದೇಶದ ವಿದ್ಯಾರ್ಥಿಗಳು ಬೋಧನಾ ಶುಲ್ಕದ ಮೇಲೆ ವರ್ಷಕ್ಕೆ 34 ಸಾವಿರ ಡಾಲರಿಗೂ ಹೆಚ್ಚಿನ ಹೆಚ್ಚುವರಿ ಶುಲ್ಕ ಕಟ್ಟಬೇಕಾದ, ವಿದೇಶಿಯರಿಗೆ ಆರ್ಥಿಕ ನೆರವು ಬಹುತೇಕ ಸಿಗದ ವ್ಯವಸ್ಥೆಯದು.

ಇಷ್ಟು ದೂರದ ಸಣ್ಣ ಕಾಲೇಜನ್ನು ಬೆಂಗಳೂರಿನ ಸಂಸ್ಥೆ ಅಷ್ಟು ಆಸ್ಥೆಯಿಂದ ಸೂಚಿಸಿದ್ದೇಕೆ ಎಂಬುದು ತಿಳಿಯಲು ಹಣದ ಹರಿವನ್ನು ನೋಡಬೇಕು. ಅಮೆರಿಕದ ಕಾನೂನಿನಂತೆ, ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ಸ್ವದೇಶದ ವಿದ್ಯಾರ್ಥಿಗಳನ್ನು ಕರೆತಂದವರಿಗೆ ತಲೆಲೆಕ್ಕದಲ್ಲಿ ಕಮಿಷನ್ ಕೊಡುವಂತಿಲ್ಲ. ಆದರೆ ಆ ನೆರವಿಗೆ ಅರ್ಹರಲ್ಲದ, ಹೊರದೇಶದಲ್ಲಿ ವಾಸಿಸುವ ವಿದ್ಯಾರ್ಥಿಗಳ ವಿಷಯದಲ್ಲಿ ಇದಕ್ಕೆ ವಿನಾಯಿತಿಯಿದೆ. ಅಲ್ಲಿನ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘವೂ 2013ರಲ್ಲಿ ಈ ಪದ್ಧತಿಯ ಮೇಲಿದ್ದ ನಿಷೇಧವನ್ನು ಸಡಿಲಿಸಿತು. ಮೊದಲ ವರ್ಷದ ಬೋಧನಾ ಶುಲ್ಕದ ಒಂದು ಪಾಲು ಏಜೆಂಟನಿಗೆ ಸಂದಾಯವಾಗುವುದು ರೂಢಿ. ಹಾರ್ವರ್ಡ್, ಯೇಲ್‌ನಂಥವು ಹೀಗೆ ಕಮಿಷನ್ ಕೊಡುವುದಿಲ್ಲ. ಹಾಗಾಗಿ ಒಂದು ವರ್ಷ ಕಾದು ದೊಡ್ಡ ಕಡೆ ಅರ್ಜಿ ಹಾಕುವ ಹುಡುಗಿಯಿಂದ ಆ ಸಂಸ್ಥೆಗೆ ಬರುವುದು ನಾವು ಕೊಡುವ ಶುಲ್ಕ ಮಾತ್ರ. ಇದೇ ವರ್ಷ ಪಾಲುದಾರ ಕಾಲೇಜಿಗೆ ಹೋಗುವ ಹುಡುಗಿಯಿಂದ ಎರಡೂ ಕಡೆಯ ಹಣ. ಸಂಸ್ಥೆ ಇದನ್ನು ನಮ್ಮಿಂದ ಮುಚ್ಚಿಟ್ಟಿತ್ತು. ಕಾಲೇಜಿನವರಿಗೆ ಅವಳು ಪತ್ರ ಬರೆದು ಕೇಳಿದಾಗ ಅವರು ಒಪ್ಪಂದ ಇರುವುದನ್ನು ನೇರವಾಗಿಯೇ ಒಪ್ಪಿಕೊಂಡರು.

ಪ್ರವೇಶ ಪತ್ರದೊಂದಿಗೆ ಬಂದ ‘ಪ್ರತಿಭಾ ವಿದ್ಯಾರ್ಥಿವೇತನ’ ಇಡೀ ಮನೆಗೆ ಸಂತೋಷ ತಂದಿತ್ತು. ಅಮೆರಿಕದ ಖಾಸಗಿ ಕಾಲೇಜುಗಳು ಹೊಸದಾಗಿ ಸೇರುವವರಿಗೆ ಘೋಷಿತ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಕೊಡುತ್ತವೆಂಬುದು ಅಲ್ಲಿನ ಕಾಲೇಜು ಹಣಕಾಸು ಅಧಿಕಾರಿಗಳ ಸಂಘವೇ ವರ್ಷವರ್ಷವೂ ಪ್ರಕಟಿಸುವ ಸಂಗತಿ. ಅವಳಿಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಇನ್ನೊಂದೆಡೆ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಮುಂತಾದ ಕೆಲವೇ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಗೆ ಹಣಬಲ ಇದೆಯೋ ಇಲ್ಲವೋ ಎಂದು ನೋಡದೆ ಆಯ್ಕೆ ಮಾಡಿ, ಆಮೇಲೆ ಅಗತ್ಯವಿರುವಷ್ಟೂ ನೆರವು ನೀಡುತ್ತವೆ. ಅಣ್ಣನಂಥ ಮಧ್ಯಮವರ್ಗದ ಕುಟುಂಬಕ್ಕೆ ನಿಜವಾಗಿ ಪ್ರಯತ್ನಿಸಲು ಯೋಗ್ಯವಾಗಿದ್ದುದು ಅದೇ ಪಟ್ಟಿ. ಅನೇಕ ಕಾಲೇಜುಗಳಲ್ಲಿ ದೊಡ್ಡ ವಿದ್ಯಾರ್ಥಿವೇತನಗಳು ಮೊದಲ ವರ್ಷದವರಿಗೆ ಮೀಸಲು. ಟ್ರಾನ್ಸ್‌ಫರ್ ಆಗಿ ಬರುವ ವಿದೇಶಿಯರಿಗೆ ಉಳಿಯುವುದು ಅಲ್ಪ.

ಇನ್ನು ಹೇಳಬೇಕಾಗಿರುವುದು ಕಾಗದಪತ್ರಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ ಭಾಗ. ನಮ್ಮ ಪಿಯು ಕಾಲೇಜುಗಳ ಉಪನ್ಯಾಸಕರಲ್ಲಿ ಹಲವರಿಗೆ ಸಂಸ್ಥೆಯ ಇಮೇಲ್ ವಿಳಾಸ ಇರುವುದಿಲ್ಲ, ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ಎಂಬ ಜಾಲತಾಣದ ಮೂಲಕ ಶಿಫಾರಸು ಕಳುಹಿಸುವ ಕ್ರಮವೂ ಅವರಿಗೆ ಹೊಸತು. ಸಲಹಾ ಸಂಸ್ಥೆಯವರು ಈ ಕೊರತೆಯನ್ನು ಬಳಸಿಕೊಂಡು ಅವಳ ಜೀವಶಾಸ್ತ್ರದ ಉಪನ್ಯಾಸಕರ ಹೆಸರಿನಲ್ಲಿ ತಾವೇ ಒಂದು ಇಮೇಲ್ ಖಾತೆ ತೆರೆದು, ತಾವೇ ಪತ್ರ ಬರೆದು, ತಾವೇ ಅಪ್‌ಲೋಡ್ ಮಾಡಿದ್ದರು. 650 ಪದಗಳ ಮುಖ್ಯ ಪ್ರಬಂಧವನ್ನೂ ಅವರ ಸಿಬ್ಬಂದಿಯೇ ತಿದ್ದಿ ತಿದ್ದಿ, ಅವಳು ಎಂದೂ ಮಾಡದ ಸಮಾಜಸೇವೆಯ ಕಥೆಯನ್ನು ಸೇರಿಸಿದ್ದರು. ಖಾತೆಯ ಪಾಸ್‌ವರ್ಡ್ ಅವರ ಬಳಿಯೇ ಇದ್ದುದರಿಂದ ಅಂತಿಮವಾಗಿ ಹೋದ ಅರ್ಜಿಯನ್ನು ಅವಳು ನೋಡಿದ್ದು ಅಮೆರಿಕಕ್ಕೆ ಹೋದ ಮೇಲೆ. ಆದರೆ ‘ಇದರಲ್ಲಿರುವುದೆಲ್ಲ ನನ್ನದೇ, ಎಲ್ಲವೂ ಸತ್ಯ, ಸುಳ್ಳೆಂದು ಕಂಡುಬಂದರೆ ಪ್ರವೇಶ ರದ್ದಾಗಬಹುದು’ ಎಂಬ ಘೋಷಣೆಯ ಕೆಳಗೆ ಇದ್ದದ್ದು ಅವಳ ಸಹಿ. ಏಜೆಂಟನ ಹೆಸರು ಆ ಕಡತದಲ್ಲಿ ಎಲ್ಲಿಯೂ ಇಲ್ಲ.

ಟ್ರಾನ್ಸ್‌ಫರ್ ಅರ್ಜಿಗಳಿಗೆ ಒಂದಾದ ಮೇಲೊಂದು ನಿರಾಕರಣೆ ಬಂದಾಗ ಅದೇ ಸಲಹೆಗಾರ ಹೊಸ ಉಪಾಯ ಹೇಳಿದ: ಅಲ್ಲಿ ಓದಿದ ವರ್ಷವನ್ನು ಮುಚ್ಚಿಟ್ಟು, ಊರಿನಲ್ಲಿಯೇ ಇದ್ದಳೆಂದು ಒಂದು ಪ್ರಮಾಣಪತ್ರ ಮಾಡಿಸಿ, ಮತ್ತೆ ಮೊದಲ ವರ್ಷದ ಅಭ್ಯರ್ಥಿಯಾಗಿ ಅರ್ಜಿ ಹಾಕುವುದು. ಎಫ್–1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದ ಪ್ರತಿಯೊಬ್ಬರ ಕಾಲೇಜು, ಸೇರಿದ ದಿನಾಂಕ, ಸೆಮಿಸ್ಟರ್ ನೋಂದಣಿ ಎಲ್ಲವೂ ಅಮೆರಿಕ ಸರ್ಕಾರದ ಸೆವಿಸ್ ದಾಖಲೆಯಲ್ಲಿರುತ್ತದೆ. ಹಿಂದೆ ಓದಿದ ಎಲ್ಲ ಕಾಲೇಜುಗಳನ್ನೂ ತಿಳಿಸಬೇಕೆಂದು ಅರ್ಜಿಯೇ ಕೇಳುತ್ತದೆ. 2024ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ, ಸುಳ್ಳು ದಾಖಲೆಗಳಿಂದ ಪ್ರವೇಶ ಮತ್ತು ನೆರವು ಪಡೆದಿದ್ದ ಭಾರತದ ವಿದ್ಯಾರ್ಥಿಯೊಬ್ಬನ ಬಂಧನವಾಯಿತು. ಅವನು ತಪ್ಪೊಪ್ಪಿಕೊಂಡು ದೇಶಕ್ಕೆ ಮರಳಬೇಕಾಯಿತು. ನಮ್ಮ ಹುಡುಗಿ ಈ ಸಲಹೆಯನ್ನು ಒಪ್ಪದೆ, ಆ ಸಂಭಾಷಣೆಯ ಸಂದೇಶಗಳನ್ನೆಲ್ಲ ಉಳಿಸಿಟ್ಟುಕೊಂಡು ತಂದೆಗೆ ಕಳುಹಿಸಿದಳು. ಹತ್ತೊಂಬತ್ತು ವರ್ಷದ ಹುಡುಗಿ ಒಬ್ಬಳೇ ಅಲ್ಲಿ ಕುಳಿತು ತೆಗೆದುಕೊಂಡ ಆ ನಿರ್ಧಾರಕ್ಕೆ ನನಗೆ ಅಪಾರ ಗೌರವವಿದೆ.

ಕೊನೆಗೆ ಒಂದು ರಾಜ್ಯ ವಿಶ್ವವಿದ್ಯಾಲಯ ಅವಳನ್ನು ಟ್ರಾನ್ಸ್‌ಫರ್ ಆಗಿ ಒಪ್ಪಿಕೊಂಡಿತ್ತು, ನೆರವಿಲ್ಲದೆ. ಅವಳು ಓದಿದ್ದ ರಸಾಯನಶಾಸ್ತ್ರವನ್ನು ಅವರ ವಿಷಯಕ್ಕೆ ಸಮಾನವೆಂದು ಪರಿಗಣಿಸದೆ ಐಚ್ಛಿಕ ಕ್ರೆಡಿಟ್ ಎಂದಷ್ಟೇ ಲೆಕ್ಕಕ್ಕೆ ತೆಗೆದುಕೊಂಡರು. ಶಿಕ್ಷಣ ಸಾಲವನ್ನು ಮೊದಲ ಕಾಲೇಜಿನ ಹೆಸರಿನಲ್ಲಿ ಮಂಜೂರು ಮಾಡಿದ್ದ ಬ್ಯಾಂಕು ಎಲ್ಲವನ್ನೂ ಹೊಸದಾಗಿ ಪರಿಶೀಲಿಸಬೇಕೆಂದಿತು. ಲೆಕ್ಕ ಹೊಂದದೆ ಅವಳು ಅದೇ ಸಣ್ಣ ಕಾಲೇಜಿನಲ್ಲಿ ಮುಂದುವರಿದಿದ್ದಾಳೆ.

ನೀವು ಯಾರ ಮಾತನ್ನೂ ನಂಬಬೇಕಾಗಿಲ್ಲ, ನನ್ನದನ್ನೂ ಸಹ. ಬಹುಪಾಲು ಅಮೆರಿಕನ್ ವಿಶ್ವವಿದ್ಯಾಲಯಗಳು ‘ಕಾಮನ್ ಡೇಟಾ ಸೆಟ್’ ಎಂಬ ವಾರ್ಷಿಕ ಕಡತವನ್ನು ಪ್ರಕಟಿಸುತ್ತವೆ. ಅದರ ಸಿ ಭಾಗದಲ್ಲಿ ಮೊದಲ ವರ್ಷದ ಅರ್ಜಿ ಮತ್ತು ಆಯ್ಕೆಯ ಸಂಖ್ಯೆ, ಡಿ ಭಾಗದಲ್ಲಿ ಟ್ರಾನ್ಸ್‌ಫರ್ ಸಂಖ್ಯೆ, ಎಚ್ ಭಾಗದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಕೊಟ್ಟ ನೆರವಿನ ವಿವರ ಇರುತ್ತದೆ. ಸಲಹೆಗಾರನ ಎದುರಿಗೇ ಅದನ್ನು ತೆರೆದು ಡಿ ಭಾಗವನ್ನು ಓದಿಸಿ. ಅವರು ಸೂಚಿಸುವ ಕಾಲೇಜಿನಿಂದ ಕಮಿಷನ್ ಪಡೆಯುತ್ತಾರೆಯೇ ಎಂಬುದನ್ನು ಬರಹದಲ್ಲಿ ಕೇಳಿ. ಅಮೆರಿಕ ಸರ್ಕಾರದ ವಿದೇಶಾಂಗ ಇಲಾಖೆಯ ಎಜುಕೇಶನ್‌ಯುಎಸ್‌ಎ ಜಾಲದ ಸಲಹೆಗಾರರು ಕಮಿಷನ್ ಏಜೆಂಟರೊಂದಿಗೆ ಕೆಲಸ ಮಾಡುವುದಿಲ್ಲ. ಮೊದಲು ಅವರನ್ನು ವಿಚಾರಿಸಿ. ಅರ್ಜಿಯ ಖಾತೆಯನ್ನು ಮಗುವೇ ತೆರೆಯಲಿ, ಪಾಸ್‌ವರ್ಡ್ ಮಗುವಿನ ಬಳಿಯೇ ಇರಲಿ, ಶಿಫಾರಸು ಬರೆಯುವ ಉಪನ್ಯಾಸಕರನ್ನು ಮಗುವೇ ಕಂಡು ಅವರ ಸ್ವಂತ ಇಮೇಲ್ ವಿಳಾಸವನ್ನು ಕೇಳಿ ಪಡೆಯಲಿ. ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಹೈಸ್ಕೂಲಿನಿಂದ ಮುಂಚೆಯೇ ತರಿಸಿಡಿ, ಏಕೆಂದರೆ ನಮ್ಮಲ್ಲಿ ಹೈಸ್ಕೂಲು ಮತ್ತು ಪಿಯು ಕಾಲೇಜು ಬೇರೆ ಬೇರೆಯಾಗಿರುವುದರಿಂದ ಕೊನೆಯ ಗಳಿಗೆಯಲ್ಲಿ ಅದಕ್ಕಾಗಿ ಅಲೆಯಬೇಕಾಗುತ್ತದೆ.

ಈಗಾಗಲೇ ಹಣ ಕಟ್ಟಿ ಮೋಸ ಹೋದವರು ರಸೀದಿ, ಒಪ್ಪಂದ ಪತ್ರ, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಸಂಸ್ಥೆ ಇರುವ ಊರಿಗೆ ಹೋಗಬೇಕಾಗಿಲ್ಲ. ಸೇವೆಗಾಗಿ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಆದರೆ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಣ್ಣ ದಾವಣಗೆರೆಯಲ್ಲಿ ದೂರು ದಾಖಲಿಸಿದ್ದಾನೆ, ವಿಚಾರಣೆ ಇನ್ನೂ ನಡೆಯುತ್ತಿದೆ.